ಕೆಂಪು ಕಾರಿನ ಒದೆತ

ಸುಮ್ಮನೆ ಕೂತಿರೋದು ನನ್ನ ಜಾಯಮಾನದಲ್ಲೇ ಇಲ್ಲ. ಬಸ್ಸಿಗೆ ಕಾಯುವಾಗಲೂ ಯಾರದಾದರೂ ಸೈಕಲ್ಲಿನ ಚೈನು ನೋಡಿ, ಇದು ಸಡಿಲ ಅಂತ ಬಿಗಿ ಮಾಡೋಕೆ ಹೋಗಿ ಬೈಸಿಕೊಂಡವನು ನಾನು. ಅಂಥವನನ್ನ ಕಾರಿನ ಎಡಸೀಟಿನಲ್ಲಿ ಕೂರಿಸಿ, "ಕೈ ಆಡಿಸಬೇಡ, ಬಾಯಿ ಬಿಡಬೇಡ" ಅಂದರೆ ಹೆಂಗಿರ್ತದೆ? ಎಪ್ಪತ್ತರ ದಶಕದ ಕೊನೆಯಲ್ಲಿ ಒಂದು ಬೇಸಿಗೆ ಹಂಗೆ ಕೂತಿದ್ದೆ. ನಾನು ಮಾಡಿದ ಕೆಲಸಗಳಲ್ಲೆಲ್ಲ ಬಲು ಕಷ್ಟದ ಕೆಲಸ ಅದೇ.

ನನಗೆ ಆಗ ತಿಪಟೂರಿನ ಮಂಡಿಗಳ ಹಿಂದುಗಡೆ ಒಂದು ಶೆಡ್ಡಿತ್ತು. ಕೊಬ್ಬರಿ ಲಾರಿಗಳೇ ನನ್ನ ಅನ್ನ. ಶೆಟ್ಟಿಕೆರೆ ದಾರಿಯಲ್ಲಿ ತೋಟ ಮಾಡಿಕೊಂಡು, ಊರಲ್ಲಿ ಕೊಬ್ಬರಿ ವ್ಯಾಪಾರವನ್ನೂ ನಡೆಸುತ್ತಿದ್ದ ಯಜಮಾನರೊಬ್ಬರು ಮಾತ್ರ ಬೇರೆ ಥರದ ಗಿರಾಕಿ. ಅವರ ಹತ್ತಿರ ಎರಡು ಸ್ಪೋರ್ಟ್ಸ್ ಕಾರುಗಳಿದ್ದವು. ಊರು ಬಿಟ್ಟು ಹೋಗುತ್ತಿದ್ದ ಕಾಫಿ ತೋಟದ ದೊರೆಯೊಬ್ಬನಿಂದ ಕೊಂಡಿದ್ದು. ಬೆಳಗ್ಗೆ ಹಣೆಗೆ ವಿಭೂತಿ ಹಚ್ಚಿ, ಬಿಳಿ ಪಂಚೆ ಎತ್ತಿ ಕಟ್ಟಿ, ನೆಲಕ್ಕೆ ತಾಗೋ ಹಂಗಿರೋ ಆ ಕಾರಿನೊಳಕ್ಕೆ ತೂರಿಕೊಂಡು ಅವರು ಹುಳಿಯಾರಿನ ರಸ್ತೆಗೆ ಬಿದ್ದರೆ, ಜನ ಗಾಡಿ ನಿಲ್ಲಿಸಿ ನೋಡೋರು.

ಹಿಂದಿನ ವರ್ಷ ಅವರಿಗೆ ಒಂದು ಏಟಾಯ್ತು. ಕಾಯಿ ಸುಲಿಯೋ ಆಳುಗಳ ಜೊತೆ ಪಂದ್ಯ ಕಟ್ಟಿ ತಾವೂ ಸುಲಿಯೋಕೆ ನಿಂತರಂತೆ. ಕಾಯಿ ಜಾರಿ, ನೆಲಕ್ಕೆ ಹೂತಿದ್ದ ಹಾರೆಯ ಮೊನೆ ಬಲಗೈ ಮಣಿಕಟ್ಟಿಗೆ ಹೊಕ್ಕಿತು. ಗಾಯ ವಾಸಿಯಾಯ್ತು, ಬೆರಳು ಮಡಚೋಕೂ ಬಂತು. ಆದರೆ ನರ ಹೋಯ್ತು. ಅಂಗೈಗೆ, ಬೆರಳಿಗೆ ಮುಟ್ಟಿದ್ದೇ ಗೊತ್ತಾಗಲ್ಲ. ಬಿಸಿ ಕಾಫಿ ಲೋಟ ಕೊಟ್ಟರೆ ಮೊದಲು ಹಬೆ ನೋಡೋರು, ಆಮೇಲೆ ಎಡಗೈ ಚಾಚೋರು. ಅಮ್ಮಾವ್ರು, ಅಂದರೆ ಅವರ ಹೆಂಡತಿ, ತಟ್ಟೆ, ಲೋಟ, ಚಿಲ್ಲರೆ ಕಾಸು, ಏನೇ ಆಗಲಿ ಅವರ ಎಡಗೈಗೇ ಕೊಡೋದು ರೂಢಿ ಮಾಡಿಕೊಂಡಿದ್ದರು.

ಕಾರು ಓಡಿಸೋದು ಬಿಡಿಸಿಬಿಟ್ಟರು ಅಮ್ಮಾವ್ರು. ಎರಡೂ ಕಾರಿನ ಬೀಗದ ಕೈ ಅವರ ಸೆರಗಿನ ತುದಿಗೆ ಗಂಟು ಬಿತ್ತು. ಎರಡನ್ನೂ ಮಾರಿಬಿಡೋಕೆ ಬೆಂಗಳೂರಿನಿಂದ ಒಬ್ಬ ಗಿರಾಕಿಯನ್ನೂ ಗೊತ್ತು ಮಾಡಿದರು. ಯಜಮಾನರು ಊಟ ಬಿಟ್ಟರಂತೆ, ಮಾತು ಬಿಟ್ಟರಂತೆ. ಕೊನೆಗೆ ಅಮ್ಮಾವ್ರು ನನಗೆ ಹೇಳಿ ಕಳಿಸಿದರು.

"ನೋಡಿ ಮೇಸ್ತ್ರಿ," ಅಂದರು ಜಗುಲಿಯ ಮೇಲೆ ನಿಂತು. "ಇವರು ಓಡಿಸಬಲ್ಲೆ ಅಂತಾರೆ. ನಾನು ಬೇಡ ಅಂತೀನಿ. ನಮ್ಮಿಬ್ಬರಲ್ಲಿ ಯಾರಿಗೂ ನ್ಯಾಯ ಹೇಳೋ ಬುದ್ಧಿ ಉಳಿದಿಲ್ಲ. ಗಿರಾಕಿ ಬರೋದರೊಳಗೆ ನೀವು ಏನು ರಿಪೇರಿ ಮಾಡ್ತೀರೋ ಮಾಡಿ. ಆಮೇಲೆ ಇವರ ಪಕ್ಕ ಕೂತು ಹುಳಿಯಾರಿಗೆ ಹೋಗಿ ಬನ್ನಿ. ಸ್ಟೇರಿಂಗ್ ಮುಟ್ಟಬಾರದು, ಹೇಳಿಕೊಡಬಾರದು. ಬಂದು ನನಗೆ ಒಂದು ಮಾತು ಹೇಳಿ. ಓಡಿಸಬಹುದು, ಇಲ್ಲ ಬೇಡ. ನೀವು ಬೇಡ ಅಂದರೆ ಇವರು ಮತ್ತೆ ಆ ಸೀಟಲ್ಲಿ ಕೂರಂಗಿಲ್ಲ. ಒಪ್ಪಿದ್ದಾರೆ."

ಯಜಮಾನರು ಕಂಬಕ್ಕೆ ಒರಗಿ ನನ್ನೇ ನೋಡುತ್ತಿದ್ದರು. ಅಲ್ಲಾ, ಗಂಡ ಹೆಂಡಿರ ಜಗಳಕ್ಕೆ ನಾನೇ ಸಿಕ್ಕಬೇಕಿತ್ತಾ?

ಆ ಎರಡು ಕಾರು ಹೆಂಗೆ ಅಂತ ಹೇಳದೆ ಮುಂದಕ್ಕೆ ಹೋಗೋ ಹಂಗಿಲ್ಲ. ಬಿಳಿ ಕಾರಿಗೆ ಮುಂದೆ ಇಂಜಿನ್, ಉದ್ದ ಮೂತಿ. ಅದರ ಸ್ಟೇರಿಂಗ್ ಕಂಬಿಯ ಬುಡದಲ್ಲಿ ಎಣ್ಣೆ ತುಂಬಿದ ಡಬ್ಬಿ, ಅದರೊಳಗೆ ತಿರುಪಿನ ಹಲ್ಲು. ರಸ್ತೆಯ ಹೊಡೆತವನ್ನೆಲ್ಲ ಆ ಡಬ್ಬಿಯೇ ನುಂಗಿಬಿಡೋದು. ಕೈಗೆ ನುಣ್ಣಗೆ, ದೊಡ್ಡ ಮನುಷ್ಯರ ಮನೆಯ ಮಾತಿನ ಥರ. ತಿರುವಿನಲ್ಲಿ ಜೋರಾಗಿ ಹೋದರೆ ಮೂತಿ ಸ್ವಲ್ಪ ಹೊರಕ್ಕೆ ಜಾರೋದು, ಕಾಲು ತೆಗೆದರೆ ತಾನೇ ಒಳಕ್ಕೆ ಬರೋದು. ಕೆಂಪು ಕಾರಿಗೆ ಹಿಂದೆ ಇಂಜಿನ್, ಮೂತಿ ಹಗುರ. ಅದರ ಸ್ಟೇರಿಂಗ್ ನೇರವಾಗಿ ಒಂದು ಹಲ್ಲಿನ ಪಟ್ಟಿಗೆ ಕಚ್ಚಿಕೊಂಡಿತ್ತು, ಮಧ್ಯೆ ನುಂಗೋಕೆ ಏನೂ ಇಲ್ಲ. ದಾರಿಯಲ್ಲಿ ಬಿದ್ದ ಕಡ್ಡಿ ಹತ್ತಿದರೂ ಕೈಗೆ ಒದೆಯೋದು. ಹೆಬ್ಬೆರಳು ಒಳಗಿಟ್ಟು ಹಿಡಿದರೆ ಮುರಿಯೋದೇ ಸೈ. ತಿರುವಿನ ಮಧ್ಯೆ ಹೆದರಿ ಆಕ್ಸಿಲೇಟರ್ ಬಿಟ್ಟರೆ ಬಾಲ ತಿರುಗಿ ಮುಂದಕ್ಕೇ ಬಂದುಬಿಡೋದು.

ಸ್ಪರ್ಶ ಇಲ್ಲದ ಕೈಗೆ ಯಾವ ಕಾರು? ಇದರಲ್ಲಿ ಯೋಚನೆ ಮಾಡೋದೇನಿದೆ ಅಂತ ಬಿಳಿ ಕಾರಿಗೇ ಕೈ ಹಾಕಿದೆ. ಯಜಮಾನರೂ ಅದನ್ನೇ ಅಂದರು, ಅಮ್ಮಾವ್ರೂ ಅದನ್ನೇ ಅಂದರು.

ತೋಟದ ಮನೆಯ ಕೊಬ್ಬರಿ ಕಣದಲ್ಲೇ ಕೆಲಸ ಶುರು. ಮುಂಭಾಗ ಎತ್ತಿ ಕಲ್ಲಿನ ಮೇಲೆ ಕೂರಿಸಿದೆ. ಸ್ಟೇರಿಂಗ್ ಡಬ್ಬಿ ಬಿಚ್ಚಿ, ಮಣ್ಣಾಗಿದ್ದ ಎಣ್ಣೆ ಚೆಲ್ಲಿ, ಸೀಮೆಎಣ್ಣೆಯಲ್ಲಿ ತೊಳೆದು ಜೋಡಿಸಿದೆ. ಸವೆದ ಬಾಲ್ ಜಾಯಿಂಟುಗಳಿಗೆ ತುಮಕೂರಿನ ಲೇತಿನಲ್ಲಿ ಬದಲಿ ಮಾಡಿಸಿ ಹಾಕಿದೆ. ಹಿಂದಿನ ಚಕ್ರದಿಂದ ಮುಂದಿನ ಚಕ್ರಕ್ಕೆ ದಾರ ಎಳೆದು ಅಲೈನ್‌ಮೆಂಟ್ ಹಿಡಿದೆ. ಸ್ಟೇರಿಂಗಿನಲ್ಲಿ ಸ್ವಲ್ಪ ಆಟ ಇತ್ತು, ಅಂದರೆ ಚಕ್ರ ತಿರುಗೋ ಮುಂಚೆ ಕೈಯಲ್ಲಿ ಬರೀ ಪೊಳ್ಳಾಗಿ ತಿರುಗೋದು. ಅದನ್ನು ಪೂರ್ತಿ ತೆಗೀತೀನಿ ಅಂತ ಹಟ ಹಿಡಿದು ಡಬ್ಬಿಯ ಮೇಲಿನ ಸ್ಕ್ರೂ ಬಿಗಿ ಮಾಡಿದೆ. ಜಾಸ್ತಿಯಾಯ್ತು. ತಿರುವು ಮುಗಿದ ಮೇಲೆ ತಾನಾಗಿ ವಾಪಸ್ ಬರಬೇಕಾದ ಸ್ಟೇರಿಂಗ್ ತಿರುಗಿಸಿದಲ್ಲೇ ನಿಂತುಬಿಡೋದು. ಮತ್ತೆ ಸಡಿಲ, ಮತ್ತೆ ಬಿಗಿ. ತಿಪಟೂರಿನಿಂದ ಲಾರಿಯವರು ಬಂದು "ಏನ್ಲಾ, ಶೆಡ್ಡಿಗೆ ಬೀಗ ಜಡಿದು ಇಲ್ಲಿ ಆಟದ ಸಾಮಾನು ರಿಪೇರಿ ಮಾಡ್ತಾ ಕುಂತಿದೀಯಾ?" ಅಂತ ರೇಗಿಸಿ ಹೋದರು. ಸ್ಪ್ಯಾನರ್ ಎಸೆದೆ ಅವರ ಮೇಲೆ. ತಗಲಲಿಲ್ಲ, ಅವರ ಪುಣ್ಯ.

ತೋಟದ ಒಳದಾರಿಯಲ್ಲಿ ಯಜಮಾನರನ್ನ ಕೂರಿಸಿ ನೋಡಿದೆ. ಓಡಿಸಿದರು. ಆದರೆ ಕಣ್ಣು ರಸ್ತೆ ಮೇಲಿಲ್ಲ, ಸ್ಟೇರಿಂಗ್ ಮೇಲೆ. ಎಡಗೈ ಗೇರಿಗೆ ಹೋದ ಕೂಡಲೇ ಬಲಗೈ ಒಂದೇ ಉಳಿಯೋದು, ಆಗ ಸ್ಟೇರಿಂಗ್ ನೇರ ಇದೆಯೋ ವಾಲಿದೆಯೋ ಅವರಿಗೆ ತಿಳಿಯದು. ತಗ್ಗಿ ನೋಡೋರು. ಅಷ್ಟರಲ್ಲಿ ತೆಂಗಿನ ಮರ ಎದುರಿಗೆ.

"ಮರ, ಯಜಮಾನ್ರೇ!"

"ಕಾಣ್ತಾ ಅದೆ ಕಣಯ್ಯ, ನಂದೇ ಮರ," ಅಂದರು. ನಗಲಿಲ್ಲ.

ಆಗ ನನಗೆ ಒಂದು ಉಪಾಯ ಹೊಳೀತು. ನಮ್ಮ ಕಡೆ ಲಾರಿಯವರು ಬೇಸಿಗೆಯಲ್ಲಿ ಬೆವರಿಗೆ ಕೈ ಜಾರದಿರಲಿ ಅಂತ ಸ್ಟೇರಿಂಗಿಗೆ ತೆಂಗಿನ ನಾರಿನ ಹುರಿ ಸುತ್ತುತ್ತಾರೆ. ನಾನೇ ಎಷ್ಟೋ ಲಾರಿಗೆ ಸುತ್ತಿದ್ದೀನಿ. ಒರಟು ಹುರಿ ಸುತ್ತಿದರೆ ಆ ಕೈಗೆ ಒಂಚೂರಾದರೂ ಗೊತ್ತಾದೀತು ಅಂತ ಹೊಸ ಹುರಿ ತಂದು ಒತ್ತೊತ್ತಾಗಿ ಸುತ್ತಿದೆ. ಯಜಮಾನರಿಗೂ ಹುರುಪು ಬಂತು. ಕೈ ಜಾರಲ್ಲ ಈಗ, ಬಿಗಿಯಾಗಿ ಹಿಡಿದುಕೊಂಡರು. ಕೆರೆ ಏರಿಯವರೆಗೂ ಹೋಗಿ ಬಂದೆವು. ಒಂದು ತಿರುವನ್ನಂತೂ ಚೆನ್ನಾಗೇ ತೆಗೆದರು. ನಾನು ಶಭಾಷ್ ಅಂದೆ. ಕಣಕ್ಕೆ ಬಂದು ಇಳಿದಾಗ ಅವರ ಪಂಚೆಯ ಮೇಲೆ ಕೆಂಪು ಕಲೆ.

ಹುರಿ ಅವರ ಅಂಗೈಯನ್ನ ತರಿದು ಹಾಕಿತ್ತು. ಬೆರಳಿನ ಸಂದಿಯಲ್ಲೆಲ್ಲ ರಕ್ತ. ಅವರಿಗೆ ಗೊತ್ತೇ ಆಗಿಲ್ಲ. "ಎಲ್ಲಿಂದ ಬಂತೋ ಇದು?" ಅಂತ ಪಂಚೆ ಝಾಡಿಸುತ್ತಾ ಇದ್ದರು. ಜಗುಲಿಯಿಂದ ಅಮ್ಮಾವ್ರು ಇಳಿದು ಬಂದರು, ಕೈ ಹಿಡಿದು ತಿರುವಿ ನೋಡಿದರು, ಒಳಗೆ ಕರೆದುಕೊಂಡು ಹೋದರು. ಆ ಹುರಿಯನ್ನ ಕುಡುಗೋಲಿನಲ್ಲಿ ಕತ್ತರಿಸಿ ಕಿತ್ತೆಸೆದೆ. ಒಳಗಿಂದ ಅಮ್ಮಾವ್ರು ಬೈದಿದ್ದರೆ ಎಷ್ಟೋ ವಾಸಿ ಇತ್ತು.

ಗಿರಾಕಿ ಬರೋ ದಿನ ಹತ್ತಿರ ಆಗ್ತಾ ಇತ್ತು. ಕೈಗೆ ಬಟ್ಟೆ ಸುತ್ತಿಕೊಂಡು ಯಜಮಾನರು ಕಣದಲ್ಲಿ ಅತ್ತಿಂದಿತ್ತ ಇತ್ತಿಂದತ್ತ ತಿರುಗೋರು. ನಾನೂ ತಿರುಗೋನು. ಇಬ್ಬರೂ ಎದುರಾದಾಗ ಮುಖ ತಪ್ಪಿಸೋದು. ಏನು ಮಾಡಲೂ ತೋಚದೆ, ಮೂಲೆಯಲ್ಲಿ ಬಟ್ಟೆ ಹೊದ್ದು ನಿಂತಿದ್ದ ಕೆಂಪು ಕಾರನ್ನಾದರೂ ತೊಳೆದು ಗಿರಾಕಿಗೆ ತಯಾರು ಮಾಡೋಣ ಅಂದೆ. ಬ್ಯಾಟರಿ ಸತ್ತಿತ್ತು, ತಳ್ಳಬೇಕು. ಯಜಮಾನರನ್ನ ಸ್ಟೇರಿಂಗಿಗೆ ಕೂರಿಸಿ ನಾನು ಹಿಂದಿನಿಂದ ತಳ್ಳಿದೆ. ಇಂಜಿನ್ ಸದ್ದಿಲ್ಲ, ಏನಿಲ್ಲ. ಕಣದ ತುಂಬ ಸುಲಿದ ಕಾಯಿ ಮಟ್ಟೆ ಚೆಲ್ಲಾಡಿತ್ತು.

"ಬಲಗಡೆ ಚಕ್ರಕ್ಕೆ ಮಟ್ಟೆ ಸಿಕ್ತು ಕಣಯ್ಯ, ತೆಗಿ," ಅಂದರು.

ಬಗ್ಗಿ ನೋಡಿದೆ. ಸಿಕ್ಕಿತ್ತು. ಅವರು ಕೂತ ಜಾಗದಿಂದ ಅದು ಕಾಣೋ ಹಂಗಿರಲಿಲ್ಲ.

"ಹೆಂಗ್ ಗೊತ್ತಾಯ್ತು ಯಜಮಾನ್ರೇ?"

"ಒದೀತಲ್ಲ."

"ಕೈಗಾ?"

ಎಡಗೈಯಿಂದ ತಮ್ಮ ಬಲ ಮೊಣಕೈ ಮುಟ್ಟಿಕೊಂಡರು, ಭುಜ ಮುಟ್ಟಿಕೊಂಡರು. "ಇಲ್ಲಿಗೆ," ಅಂದರು. "ಇಲ್ಲಿಗೆ ಬಂತು ಕಣಯ್ಯ."

ನಾನು ಕಣದ ಮಧ್ಯೆ ಕೂತೇಬಿಟ್ಟೆ. ಎಂಥಾ ಪೆದ್ದು ಕೆಲಸ ಮಾಡಿದ್ವಿ! ನರ ಹೋಗಿದ್ದು ಮಣಿಕಟ್ಟಿನಿಂದ ಕೆಳಕ್ಕೆ. ಮೇಲಿನದೆಲ್ಲ ಗಟ್ಟಿಮುಟ್ಟಾಗೇ ಇದೆ. ಬಿಳಿ ಕಾರು ಮೆಲ್ಲಗೆ ಅಂಗೈಗೆ ಮಾತ್ರ ಹೇಳೋದು, ಅಂಗೈಗೆ ಕಿವುಡು. ಕೆಂಪು ಕಾರು ಒದ್ದು ಹೇಳೋದು, ಅದು ಭುಜಕ್ಕೆ ಕೇಳಿಸ್ತಾ ಅದೆ. ನಾವೆಲ್ಲ ಒದೆತ ಬೇಡ ಬೇಡ ಅಂತ ಅವರಿಗೆ ಬೇಕಾಗಿದ್ದ ಕಾರನ್ನೇ ಮೂಲೆಗೆ ಹಾಕಿದ್ವಿ.

ಅಲ್ಲಿಂದ ಕೆಲಸ ತಿರುಗಾ ಮುರುಗಾ. ಈ ಮೂತಿ ಹಗುರದ ಕಾರುಗಳಿಗೆ ಮುಂದಿನ ಡಿಕ್ಕಿಯಲ್ಲಿ ಒಂದು ಮರಳಿನ ಚೀಲ ಇಡೋದು ರೂಢಿ, ಸ್ಟೇರಿಂಗ್ ನಡುಗೋದು ಕಮ್ಮಿಯಾಗಲಿ ಅಂತ. ಆ ಚೀಲ ಎತ್ತಿ ಎಸೆದೆ. ಮುಂದಿನ ಟೈರಿಗೆ ಗಾಳಿ ಸ್ವಲ್ಪ ಜಾಸ್ತಿ ಹಾಕಿದೆ, ಇನ್ನಷ್ಟು ಒದೆಯಲಿ. ಸ್ಟೇರಿಂಗಿಗೆ ಸುತ್ತಿದ್ದ ಮೆತ್ತನೆ ಚರ್ಮ ಬಿಚ್ಚಿದೆ. ಸೀಟನ್ನ ಮುಂದಕ್ಕೆ ತಳ್ಳಿ ಬೋಲ್ಟ್ ಹಾಕಿದೆ. ಕೈ ನೆಟ್ಟಗೆ ಚಾಚಿದ್ದರೆ ಒದೆತ ಭುಜದಲ್ಲಿ ಒಂದೇ ಗುದ್ದಾಗಿ ಕೂರ್ತದೆ, ಮೊಣಕೈ ಮಡಚಿದ್ದರೆ ಎತ್ತ ಕಡೆಯಿಂದ ಬಂತು ಅಂತಲೂ ತಿಳೀತದೆ. ಹೆಬ್ಬೆರಳು ಹೊರಗಿಟ್ಟು ಹಿಡಿಯೋದನ್ನ ಅಭ್ಯಾಸ ಮಾಡಿಸಿದೆ. ಕಣ್ಣು ಮುಚ್ಚಿಸಿ ಕೂರಿಸಿ, ನಾನು ಕಾರು ತಳ್ಳುತ್ತಾ ಮಟ್ಟೆ, ಕಲ್ಲು, ಚಿಪ್ಪುಗಳ ಮೇಲೆ ಹತ್ತಿಸಿ, "ಯಾವ ಚಕ್ರ? ಏನು?" ಅಂತ ಕೇಳೋದು. ಮೊದಲು ತಪ್ಪು ಹೇಳೋರು, ಆಮೇಲೆ ಸರಿ ಹೇಳೋಕೆ ಶುರು ಮಾಡಿದರು. ಆಮೇಲಾಮೇಲೆ ನಾನು ಕೇಳೋ ಮುಂಚೆ ಹೇಳೋರು.

ಅಮ್ಮಾವ್ರು ಇದನ್ನೆಲ್ಲ ಜಗುಲಿಯಿಂದ ನೋಡುತ್ತಿದ್ದರು. ಒಂದು ದಿನ ಕೇಳಿದರು: "ಮೇಸ್ತ್ರಿ, ಬಿಳಿಯದು ಮೆತ್ತಗಿದೆ ಅಂತಿದ್ರಿ. ಈಗ ಈ ಕುಣಿಯೋ ಕುದುರೆ ಮೇಲೆ ಕೂರಿಸ್ತೀರಲ್ಲ. ಜವಾಬ್ದಾರಿ ಯಾರದ್ದು?"

"ನಂದೇ ಅಮ್ಮಾ," ಅಂದೆ. ಅಂದುಬಿಟ್ಟೆ, ಸರಿ. ಆಮೇಲೆ ಹೆದರಿಕೆ ಹತ್ತಿಕೊಂಡಿತು. ತಿರುವಿನ ಮಧ್ಯೆ ಕಾಲು ಬಿಟ್ಟರೆ ಬಾಲ ತಿರುಗೋ ಕಾರು ಅದು. ಮನುಷ್ಯ ಗಾಬರಿಯಾದರೆ ಮೊದಲು ಮಾಡೋದೇ ಕಾಲು ಬಿಡೋದು.

ಗಿರಾಕಿ ಬರೋ ಹಿಂದಿನ ದಿನ ಬೆಳಗ್ಗೆ ಹೊರಟೆವು. ಅಮ್ಮಾವ್ರು ಸೆರಗಿನ ಗಂಟು ಬಿಚ್ಚಿ ಕೆಂಪು ಕಾರಿನ ಬೀಗದ ಕೈಯನ್ನ ನನಗೆ ಕೊಟ್ಟರು, ಯಜಮಾನರಿಗಲ್ಲ. "ಬಂದ ಮೇಲೆ ವಾಪಸ್ ಕೊಡಿ," ಅಂದರು.

ಎಡಸೀಟಿನಲ್ಲಿ ಕೂತೆ. ಕಾರು ರಸ್ತೆಗೆ ಬಿದ್ದ ಕೂಡಲೇ ನನ್ನ ಕೈ ತಾನಾಗೇ ಸ್ಟೇರಿಂಗ್ ಕಡೆ ಹೋಯ್ತು. ಎಳಕೊಂಡೆ. ಮತ್ತೆ ಹೋಯ್ತು. ಇದು ಸರಿಹೋಗಲ್ಲ ಅಂತ ಎರಡೂ ಕೈಯನ್ನ ತೊಡೆ ಕೆಳಗೆ ಹಾಕಿಕೊಂಡು ಅದರ ಮೇಲೆ ಕೂತುಬಿಟ್ಟೆ. ಯಜಮಾನರು ಓರೆಗಣ್ಣಲ್ಲಿ ನೋಡಿ, "ಏನಯ್ಯ, ಮೊಟ್ಟೆಗೆ ಕಾವು ಕೊಡ್ತಿದೀಯಾ?" ಅಂದರು.

ಚಿಕ್ಕನಾಯಕನಹಳ್ಳಿ ದಾಟೋವರೆಗೂ ನಿಧಾನ. ಅಲ್ಲಿಂದ ಮುಂದೆ ರಸ್ತೆ ತೆರವಾಯ್ತು, ಕಾರು ಬಾಯಿ ಬಿಡ್ತು. ಹಿಂದಿನಿಂದ ಇಂಜಿನ್ ಅರಚಾಟ, ಮುಂದೆ ಸ್ಟೇರಿಂಗ್ ಗಡಗಡ ನಡುಗಾಟ. ಯಜಮಾನರ ಕಣ್ಣು ಮಾತ್ರ ರಸ್ತೆ ಮೇಲೆ. ಒಂದು ಸಲವೂ ಕೈ ಕಡೆ ತಗ್ಗಲಿಲ್ಲ. ಎತ್ತಿನ ಗಾಡಿಗಳ ಕಬ್ಬಿಣದ ಪಟ್ಟಿ ಕೊರೆದ ಜಾಡಿಗೆ ಚಕ್ರ ಇಳಿದಾಗ, "ಇಳೀತು," ಅಂದರು. ಹತ್ತಿದಾಗ, "ಬಂತು," ಅಂದರು. ಹುಳಿಯಾರಿನಲ್ಲಿ ಇಳಿಯಲೂ ಇಲ್ಲ, ಕಾರು ತಿರುಗಿಸಿದರು. ನನಗೆ ಒಳಗೊಳಗೇ ಖುಷಿ, ಆದರೂ ಕೈ ಮಾತ್ರ ತೊಡೆ ಕೆಳಗಿಂದ ತೆಗೆಯಲಿಲ್ಲ.

ವಾಪಸ್ ಬರುವಾಗ, ಶೆಟ್ಟಿಕೆರೆ ಇನ್ನೇನು ಬಂತು ಅನ್ನೋ ಕಡೆ, ಬಲಕ್ಕೆ ಒಂದು ತಿರುವು. ತಿರುವಿನ ಹೊರಗಡೆಗೆ ಹೊಂಡ. ರಸ್ತೆ ಕಿತ್ತುಹೋದ ಜಾಗಕ್ಕೆ ನಮ್ಮ ಕಡೆ ತೋಟದವರು ಕಾಯಿ ಮಟ್ಟೆ ಸುರಿದು ಮೇಲೆ ಮಣ್ಣು ಎಳೀತಾರೆ. ಎತ್ತಿನ ಗಾಡಿಗೆ ಅದು ಹಾಸಿಗೆ, ಜೋರಾಗಿ ಬಂದ ಕಾರಿಗೆ ಯಮ. ಬೆಳಗ್ಗೆ ಹೋಗುವಾಗ ಅಲ್ಲಿ ಏನೂ ಇರಲಿಲ್ಲ. ಈಗ ತಿರುವಿನ ಉದ್ದಕ್ಕೂ ಹೊಸದಾಗಿ ಮಟ್ಟೆ ಹಾಸಿದ್ದರು. ಯಜಮಾನರ ಎಡಗೈ ಗೇರಿನ ಮೇಲಿತ್ತು. ಸ್ಟೇರಿಂಗಿನ ಮೇಲೆ ಬಲಗೈ ಒಂದೇ.

ಮುಂದಿನ ಚಕ್ರ ಮಟ್ಟೆ ಮೇಲೆ ಹೋದ ತಕ್ಷಣ ನಡುಗಾಟ ನಿಂತುಹೋಯ್ತು. ಸ್ಟೇರಿಂಗ್ ಸತ್ತಂಗಾಯ್ತು. ಮೂತಿ ಹೊಂಡದ ಕಡೆಗೆ ಹೊರಳಿತು. ಕೈ ಎಳಕೊಳ್ಳೋಕೆ ನೋಡಿದೆ, ತೊಡೆ ಕೆಳಗಿಂದ ಬರಲಿಲ್ಲ. ಬಾಯಿ ಬಂತು.

"ಆಕ್ಸಿಲೇಟರ್ ಬುಡಿ! ಬುಡೀ!"

ಬಿಡಲಿಲ್ಲ. ಕಾಲೂ ಬಿಡಲಿಲ್ಲ, ಸ್ಟೇರಿಂಗನ್ನ ಇನ್ನಷ್ಟು ಬಲಕ್ಕೆ ಎಳೆಯಲೂ ಇಲ್ಲ. ಎಷ್ಟಿತ್ತೋ ಅಷ್ಟರಲ್ಲೇ ಹಿಡಿದುಕೊಂಡರು. ಮಟ್ಟೆ ಮುಗೀತು. ಚಕ್ರ ಗಟ್ಟಿ ನೆಲ ಕಚ್ಚಿತು, ಸ್ಟೇರಿಂಗ್ ಫಟ್ ಅಂತ ಒದೀತು. ಆ ಒದೆತದ ಜೊತೆಗೇ ಅವರ ಭುಜ ಒಂಚೂರು ಸಡಿಲ ಆಯ್ತು, ಕಾರು ನೆಟ್ಟಗೆ ನಿಂತು ಮುಂದಕ್ಕೆ ಹೋಯ್ತು. ಗೇರ್ ಹಾಕಿದರು. ಎಡಗೈ ಸ್ಟೇರಿಂಗಿಗೆ ವಾಪಸ್ ಬಂತು.

ಸ್ವಲ್ಪ ದೂರ ಹೋದ ಮೇಲೆ ಯಜಮಾನರೇ ಅಂದರು: "ಭುಜಕ್ಕೆ ಏನೂ ಬರ್ತಿಲ್ಲ ಅಂದರೆ ಮೂತಿ ತೇಲ್ತಾ ಅದೆ ಅಂತ. ಆಗ ಕಾಲು ಬಿಟ್ಟಿದ್ದರೆ, ನೆಲ ಸಿಕ್ಕಿದ ಕೂಡಲೇ ಬಾಲ ತಿರುಗ್ತಿತ್ತು. ಅಲ್ವೇನಯ್ಯ?"

"ಹೌದು ಯಜಮಾನ್ರೇ," ಅಂದೆ.

ಕಣದಲ್ಲಿ ಕಾರು ನಿಂತಿತು. ಅಮ್ಮಾವ್ರು ಕಾಫಿ ಹಿಡಿದು ನಿಂತಿದ್ದರು. ಯಜಮಾನರ ಎಡಗೈಗೆ ಒಂದು ಲೋಟ ಕೊಟ್ಟು, ನನಗೊಂದು ಕೊಟ್ಟರು. ಹಿಡಿದುಕೊಂಡೆ. ಹಬೆ ಏಳ್ತಾ ಇದೆ, ಬಿಸಿ ಮಾತ್ರ ಗೊತ್ತಾಗ್ತಾ ಇಲ್ಲ. ಅಷ್ಟು ದೂರ ಕೈ ಮೇಲೆ ಕೂತು ಬಂದಿದ್ದಕ್ಕೆ ಎರಡೂ ಕೈ ಜೋಮು ಹಿಡಿದು ಕಟ್ಟಿಗೆ ಆಗಿದ್ದವು. ಲೋಟ ಇದೆ ಅಂತ ನೋಡಿಯೇ ತಿಳೀಬೇಕು. ಇಷ್ಟು ದಿನ ಆ ಮನುಷ್ಯ ಹಿಂಗೇ ಬದುಕ್ತಿದ್ದರಾ?

"ನೋಡ್ಕೊಂಡು ಹಿಡ್ಕೋ ಕಣಯ್ಯ, ಸುಡ್ತದೆ," ಅಂದರು ಯಜಮಾನರು, ಮೆತ್ತಗೆ.

ಅಮ್ಮಾವ್ರು ಕಾಯುತ್ತಿದ್ದರು. "ಸ್ಟೇರಿಂಗ್ ಮುಟ್ಟಿದ್ರಾ ಮೇಸ್ತ್ರಿ?"

"ಇಲ್ಲ ಅಮ್ಮಾ."

"ಹೇಳಿಕೊಟ್ಟಿರಾ?"

"ಒಂದ್ಸಲ ಕೂಗಿದೆ."

ಅವರ ಮುಖ ಇಳೀತು. "ಇವರು ಕೇಳಿದರಾ?"

"ಇಲ್ಲ ಅಮ್ಮಾ. ನನ್ನ ಮಾತು ಕೇಳಿದ್ದರೆ ಇಬ್ಬರೂ ಈಗ ಹೊಂಡದಲ್ಲಿ ಇರ್ತಿದ್ವಿ." ಲೋಟ ಕೆಳಗಿಟ್ಟೆ. "ಬಿಳಿಯದನ್ನ ಗಿರಾಕಿಗೆ ಕೊಟ್ಟುಬುಡಿ. ಅದು ಇವರಿಗಲ್ಲ. ಕೆಂಪದನ್ನ ಓಡಿಸಲಿ."

ಅಮ್ಮಾವ್ರು ಕೈ ಚಾಚಿದರು. ಜೇಬಿನಿಂದ ಬೀಗದ ಕೈ ತೆಗೆದು ಕೊಟ್ಟೆ. ಮತ್ತೆ ಸೆರಗಿಗೆ ಕಟ್ಟಿಕೊಳ್ಳುತ್ತಾರೇನೋ ಅಂತ ನೋಡ್ತಾ ನಿಂತೆ. ಸ್ವಲ್ಪ ಹೊತ್ತು ಅದನ್ನ ಮುಷ್ಟಿಯಲ್ಲೇ ಇಟ್ಟುಕೊಂಡಿದ್ದರು. ಆಮೇಲೆ ಗಂಡನ ಹತ್ತಿರ ಹೋಗಿ, ಅವರ ಬಲಗೈ ಎತ್ತಿ, ಬಟ್ಟೆ ಸುತ್ತಿದ್ದ ಅಂಗೈಯಲ್ಲಿ ಬೀಗದ ಕೈ ಇಟ್ಟರು.

ಯಜಮಾನರು ತಗ್ಗಿ ನೋಡಿದರು. ಇದೆ ಅಂತ ಗೊತ್ತಾದ ಮೇಲೆ ಬೆರಳು ಮಡಚಿದರು.